ವೈಮಾನಿಕನ ಯಂತ್ರಜ್ಞಾನ

ಯಂತ್ರವನ್ನು ಬಿಚ್ಚಿ ಸರಿಪಡಿಸುವ ಕಾರ್ಯ ವಿಮಾನಚಾಲಕನದಲ್ಲವಾದ ಕಾರಣ ಅದರ ಅಂತರಂಗದ ಜ್ಞಾನವೂ ಅವನಿಗೆ ಅನಾವಶ್ಯಕವೆಂದೂ, ಒದಗಬಹುದಾದ ವಿಪತ್ತುಗಳಿಗೆ ನಿರ್ಮಾಪಕರು ಸಿದ್ಧಪಡಿಸಿಕೊಟ್ಟಿರುವ ಚೆಕ್‌ಲಿಸ್ಟನ್ನು ತಪ್ಪದೆ ಅನುಸರಿಸಿದರೆ ಸಾಕೆಂದೂ ವಾದಿಸುವವರುಂಟು. ಈ ವಾದ ಹುರುಳಿಲ್ಲದ್ದೇನಲ್ಲ. ಗಾಬರಿಯ ಗಳಿಗೆಯಲ್ಲಿ ನೆನಪನ್ನು ನೆಚ್ಚುವುದಕ್ಕಿಂತ ಬರೆದುದನ್ನು ಓದಿ ನಡೆಯುವುದೇ ಕ್ಷೇಮಕರ. ಆದರೆ ಆ ಪಟ್ಟಿಯ ಯಾವ ಪುಟವನ್ನು ತೆರೆಯಬೇಕೆಂಬುದನ್ನು, ಎಂದರೆ ಕೆಟ್ಟಿರುವುದು ಯಾವುದೆಂಬುದನ್ನು, ಚಾಲಕನೇ ನಿರ್ಣಯಿಸಬೇಕಷ್ಟೆ.

ರಿಯೊ ಡಿ ಜನೈರೊದಿಂದ ಪ್ಯಾರಿಸ್ಸಿಗೆ ಹೊರಟಿದ್ದ ಏರ್ ಫ್ರಾನ್ಸ್ ಸಂಸ್ಥೆಯ ಏರ್‌ಬಸ್ 330 ವಿಮಾನವು 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರಕ್ಕೆ ಬಿದ್ದು 228 ಮಂದಿ ಮಡಿದ ದುರಂತವನ್ನು ಈ ದೃಷ್ಟಿಯಿಂದ ಪರ್ಯಾಲೋಚಿಸತಕ್ಕದ್ದಾಗಿದೆ. ವೇಗವನ್ನಳೆಯುವ ಪಿಟೋ ನಳಿಕೆಗಳಿಗೆ ಹಿಮಕಣಗಳು ಕಟ್ಟಿಕೊಂಡು ಆಟೋಪೈಲಟ್ ಕಳಚಿಕೊಂಡಿತು. ಚಾಲಕನು ಮೂತಿಯನ್ನು ಮೇಲೆತ್ತಿದುದರಿಂದ ರೆಕ್ಕೆಗಳು ಭಾರವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು ವಿಮಾನವು ಸ್ಟಾಲ್ ಸ್ಥಿತಿಗಿಳಿಯಿತು. ಅದನ್ನು ಸಾರುವ ಎಚ್ಚರಿಕೆಯ ಧ್ವನಿಯೋ, ಅಳೆದ ವೇಗವು 60 ನಾಟಿಗಿಂತ ಕೆಳಗಿಳಿದಾಗ ಮಾಪನಗಳು ನಂಬಲರ್ಹವಲ್ಲವೆಂದು ಗಣಿಸಿ ಸುಮ್ಮನಾಗುವಂತೆ ರಚಿತವಾಗಿತ್ತು. ಆದ್ದರಿಂದ ಮೂತಿಯನ್ನು ತಗ್ಗಿಸಿ ವೇಗವು ತುಸು ಕೂಡಿದಾಗ ಎಚ್ಚರಿಕೆ ಮರಳಿ ಮೊಳಗುತ್ತಿತ್ತು, ಎತ್ತಿದಾಗ ಅಡಗುತ್ತಿತ್ತು: ಪ್ರಾಣರಕ್ಷಕವಾದ ಕ್ರಿಯೆಯೇ ತಪ್ಪೆಂಬಂತೆ, ಪ್ರಾಣಘಾತಕವಾದುದೇ ಒಪ್ಪೆಂಬಂತೆ ತೋರಿತು. ಧ್ವನಿಯಡಗಿದುದಕ್ಕೆ ಕಾರಣವೇನೆಂಬುದನ್ನು ಬಲ್ಲವನು ಮಾತ್ರ ಅದರಿಂದ ಮೋಸಹೋಗಲಾರನು. ಅಂಥ ಎತ್ತರದಲ್ಲಿ ವಿಮಾನವನ್ನು ಕೈಯಾರೆ ನಡೆಸುವ ಶಿಕ್ಷಣವೇ ಆ ಚಾಲಕರಿಗೆ ದೊರೆತಿರಲಿಲ್ಲವಾದುದರಿಂದ ಮಡಿದವರ ಮೇಲೆ ದೋಷವನ್ನೆಲ್ಲ ಹೊರಿಸುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಜ್ಞಾನವೇ ಕೆಲವೊಮ್ಮೆ ದಾರಿ ತಪ್ಪಿಸೀತೆಂಬ ಆಕ್ಷೇಪವೂ ಉಂಟು. ಇದು ಮೊದಲಿನದಕ್ಕಿಂತ ಬಲವಾದುದು. 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್ ಬಳಿ ಬಿದ್ದ ಬೋಯಿಂಗ್ 737-400ರಲ್ಲಿ ಕೆಟ್ಟಿದ್ದುದು ಎಡದ ಎಂಜಿನು, ನಿಲ್ಲಿಸಿದ್ದು ಬಲದ್ದು. 47 ಮಂದಿ ಅಸುನೀಗಿದರು. ಹೊಗೆಯ ವಾಸನೆ ಎಲ್ಲಿಂದ ಬರುತ್ತಿರಬಹುದೆಂದು ಕ್ಯಾಪ್ಟನ್ನರು ಊಹಿಸುವಾಗ ಹಿಂದಿನ ಮಾದರಿಗಳ ವಾಯುಸಂಚಾರ ವ್ಯವಸ್ಥೆಯ ತಿಳಿವಳಿಕೆ ಅವರ ಬುದ್ಧಿಯನ್ನು ಬಲಕ್ಕೆ ತಿರುಗಿಸಿತ್ತು. ಆದರೆ ಇದು ಅರಿವಿನ ಆಳವನ್ನು ಅಲ್ಲಗಳೆಯುವ ನಿದರ್ಶನವಾಗದೆ, ಹಳತಾದ ಅರಿವನ್ನು ನವೀಕರಿಸದೆ ಬಿಟ್ಟುದರ ಫಲಕ್ಕೆ ನಿದರ್ಶನವಾಗಿದೆ. ಹೊಸ ಮಾದರಿಗೆ ಚಾಲಕನನ್ನು ಒಯ್ಯುವಾಗ ಗುಂಡಿಗಳ ಸ್ಥಾನಭೇದವನ್ನಷ್ಟೆ ತೋರಿಸಿ ಕಳುಹದೆ, ಗಾಳಿ, ಇಂಧನ, ವಿದ್ಯುತ್ತುಗಳು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತವೆ, ಯಾವ ಮಾಪಕವು ಯಾವ ಸನ್ನಿವೇಶದಲ್ಲಿ ಸುಳ್ಳಾಡುತ್ತದೆ ಎಂಬುದನ್ನು ಮನಗಾಣಿಸುವುದಕ್ಕೆ ವಿಮಾನಸಂಸ್ಥೆಗಳು ಕಾಲವನ್ನೂ ಧನವನ್ನೂ ವ್ಯಯಿಸತಕ್ಕದ್ದು.