ಕರೆದರೂ ತಿರುಗದ ಮಗು

ಮಗುವಿಗೆ ಎರಡೂವರೆ ವರ್ಷ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಆದರೆ ಪಕ್ಕದ ಮನೆಯ ಟಿ.ವಿ.ಯಲ್ಲಿ ಜಾಹೀರಾತಿನ ಹಾಡು ಬಂದರೆ ಓಡಿಹೋಗುತ್ತದೆ. ಬೇಕಾದುದನ್ನು ಬೆರಳು ಮಾಡಿ ತೋರಿಸದೆ ತಾಯಿಯ ಕೈ ಹಿಡಿದು ಎಳೆಯುತ್ತದೆ. ಆಟದ ಬಂಡಿಯನ್ನು ಓಡಿಸುವ ಬದಲು ಅದರ ಗಾಲಿಯನ್ನೇ ತಾಸುಗಟ್ಟಲೆ ತಿರುಗಿಸುತ್ತದೆ.

ಕಲಬುರಗಿ ಜಿಲ್ಲೆಯ ಗೊಬ್ಬೂರಿನಂಥ ಊರಿನಲ್ಲಿ ಇಂಥ ಮಗುವಿನ ಬಗ್ಗೆ ಸಲಹೆ ಕೊಡುವವರಿಗೆ ಬರವಿಲ್ಲ. 'ಅವರಪ್ಪನೂ ತಡವಾಗಿಯೇ ಮಾತಾಡಿದ' ಎನ್ನುವವರು ಒಬ್ಬರು. 'ಗಾಳಿ ಸೋಕಿದೆ, ಗಾಣಗಾಪುರಕ್ಕೆ ಕರೆದೊಯ್ಯಿರಿ' ಎನ್ನುವವರು ಇನ್ನೊಬ್ಬರು. 'ತಾಯಿಯೇ ಮುದ್ದು ಮಾಡಿ ಕೆಡಿಸಿದಳು' ಎನ್ನುವವರು ಮತ್ತೊಬ್ಬರು. ಈ ಮಾತುಗಳ ನಡುವೆ ವ್ಯರ್ಥವಾಗುವುದು ಮಗುವಿನ ಮಿದುಳು ಅತ್ಯಂತ ವೇಗವಾಗಿ ಬೆಳೆಯುವ ಕಾಲ. ಹರಕೆ ಹೊತ್ತವರು ಹರಕೆ ತೀರಿಸಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಅದೇ ವಾರ ವೈದ್ಯರನ್ನೂ ಕಾಣಬೇಕು.

ಇಂಥ ಲಕ್ಷಣಗಳ ಗುಂಪಿಗೆ ಆಟಿಸಂ ಎಂದು ಹೆಸರು. ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಗಮನಿಸಿ ಇದನ್ನು ವಿವರಿಸಿದರು. ಮುಂದೆ ಕೆಲವು ತಜ್ಞರು ತಾಯಿಯ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂದು ಸಾರಿ, ಅಸಂಖ್ಯ ತಾಯಂದಿರಿಗೆ ಕಣ್ಣೀರು ತರಿಸಿದರು. ಅದು ತಪ್ಪೆಂದು ವಾದಿಸಿ 1964ರಲ್ಲಿ ಪುಸ್ತಕ ಬರೆದ ಮನೋವಿಜ್ಞಾನಿ ಬರ್ನಾರ್ಡ್ ರಿಮ್ಲ್ಯಾಂಡ್ ಸ್ವತಃ ಇಂಥ ಮಗುವಿನ ತಂದೆ.

1977ರಲ್ಲಿ ಬ್ರಿಟನ್ನಿನಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟರ್ ಅವಳಿ ಮಕ್ಕಳ ಅಧ್ಯಯನ ಪ್ರಕಟಿಸಿದರು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳಲ್ಲಿ 4 ಜೋಡಿಗಳ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಒಂದೇ ಮನೆ, ಒಂದೇ ತಾಯಿ ಇದ್ದರೂ ಈ ವ್ಯತ್ಯಾಸ ಕಂಡದ್ದರಿಂದ ವಂಶವಾಹಿಗಳ ಪಾತ್ರ ದೊಡ್ಡದೆಂದು ಗೊತ್ತಾಯಿತು. ಲಸಿಕೆಯ ಮೇಲಿನ ಆರೋಪವೂ ನಿಲ್ಲಲಿಲ್ಲ. ದಡಾರ, ಮಂಗನಬಾವು ಮತ್ತು ರುಬೆಲ್ಲಾ ಲಸಿಕೆಯನ್ನು ಶಂಕಿಸಿ 1998ರಲ್ಲಿ ಬಂದ ಲೇಖನವನ್ನು 'ಲ್ಯಾನ್ಸೆಟ್' ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು.

ಶಾಲೆಗೆ ಹೋಗುವ ವಯಸ್ಸಿನಲ್ಲಿ ಹೆಚ್ಚಾಗಿ ಕೇಳಿಬರುವ ಇನ್ನೊಂದು ಹೆಸರು ಎಡಿಎಚ್‌ಡಿ. ಗಮನ ನಿಲ್ಲದಿರುವುದು, ಕೂತಲ್ಲಿ ಕೂಡದಿರುವುದು, ಯೋಚಿಸದೆ ನುಗ್ಗುವುದು ಇದರ ಲಕ್ಷಣಗಳು. ಹಾಗೆಂದು ತುಂಟ ಮಕ್ಕಳಿಗೆಲ್ಲ ಈ ಹಣೆಪಟ್ಟಿ ಹಚ್ಚುವಂತಿಲ್ಲ. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು. ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಕನಿಷ್ಠ 6 ತಿಂಗಳು ಇದ್ದು, ಓದಿಗೆ ಅಥವಾ ಒಡನಾಟಕ್ಕೆ ತೊಡಕಾಗುತ್ತಿರಬೇಕು. ಕಣ್ಣು ಮಂಜಾಗಿದ್ದರೂ, ಕಿವಿ ಮಂದವಾಗಿದ್ದರೂ, ನಿದ್ದೆ ಸಾಲದಿದ್ದರೂ ಮಗು ಪಾಠ ಗಮನಿಸುವುದಿಲ್ಲ. ಒಂದೇ ಮಗುವಿಗೆ ಆಟಿಸಂ ಮತ್ತು ಎಡಿಎಚ್‌ಡಿ ಎರಡೂ ಇರಬಹುದು.

ಹಾಗಾದರೆ ಪತ್ತೆ ಹಚ್ಚುವುದು ಹೇಗೆ? ಇವನ್ನು ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ತಜ್ಞರು ಮಗುವನ್ನು ಗಮನಿಸಿ, ಮನೆಯವರನ್ನು ವಿಚಾರಿಸಿ ನಿರ್ಧರಿಸುತ್ತಾರೆ. ಆದ್ದರಿಂದ ಪಾಲಕರೇ ಮೊದಲ ಸಾಕ್ಷಿಗಳು. ಒಂದು ನೋಟ್‌ಬುಕ್ ಇಡಿ. ಮೊದಲ ಮಾತು ಬಂದದ್ದು ಯಾವಾಗ? ಹತ್ತು ಸಲ ಕರೆದರೆ ಎಷ್ಟು ಸಲ ತಿರುಗುತ್ತದೆ? ಕಂಡದ್ದನ್ನು ಕಂಡಂತೆ ಬರೆಯಿರಿ. ಮೊಬೈಲಿನಲ್ಲಿ ಎರಡು ನಿಮಿಷದ ಚಿತ್ರಣ ತೆಗೆದಿಡಿ. ಮಾತು ತಡವಾದ ಮಗುವಿನ ಕಿವಿಯನ್ನು ಮೊದಲು ಪರೀಕ್ಷಿಸಬೇಕು. ಬಂದಿದ್ದ ಮಾತು ನಿಂತುಹೋದರಂತೂ ಒಂದು ದಿನವೂ ತಡಮಾಡಬಾರದು.

ಹೋಗುವುದು ಎಲ್ಲಿಗೆ? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರಕಾರಿ ಶಾಲೆಗಳಿಗೆ ಬಂದು 18 ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡುತ್ತವೆ. ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಶಿಕ್ಷಕಿಯನ್ನು ಕೇಳಿದರೆ ದಾರಿ ತಿಳಿಯುತ್ತದೆ. ಹೆಚ್ಚಿನ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ದೂರದ ಪಯಣಕ್ಕೆ ಮೊದಲು ಸಲಹೆ ಬೇಕಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮನಸ್‌ನ 14416 ಸಂಖ್ಯೆಗೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಆಟಿಸಂ ಅನ್ನು ಗುಣಪಡಿಸುವ ಔಷಧ ಇಲ್ಲ. ಗುಣಪಡಿಸುತ್ತೇವೆಂದು ಹಣ ಕೇಳುವವರನ್ನು ನಂಬಬೇಡಿ. ಆದರೆ ಮಾತಿನ ತರಬೇತಿಯಿಂದ, ಆಟದ ಮೂಲಕ ಕಲಿಸುವುದರಿಂದ, ಪಾಲಕರೇ ಕಲಿತು ಮನೆಯಲ್ಲಿ ಮಾಡಿಸುವ ಅಭ್ಯಾಸದಿಂದ ಮಗು ಮುಂದೆ ಬರುತ್ತದೆ. ಎಡಿಎಚ್‌ಡಿಯಲ್ಲಿ ಅನೇಕ ಮಕ್ಕಳಿಗೆ ಔಷಧ ನೆರವಾಗುತ್ತದೆ. ಅದನ್ನು ಕೊಡುವುದೂ ನಿಲ್ಲಿಸುವುದೂ ವೈದ್ಯರ ಮಾತಿನಂತೆಯೇ ಆಗಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಗಳಲ್ಲಿ ಆಟಿಸಂ ಸೇರಿದೆ. ಶೇ 40 ಅಥವಾ ಹೆಚ್ಚು ಅಂಗವೈಕಲ್ಯದ ಪ್ರಮಾಣಪತ್ರವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಆ ಮಗುವಿನ ಹಕ್ಕು. ಎಡಿಎಚ್‌ಡಿ ಆ ಪಟ್ಟಿಯಲ್ಲಿಲ್ಲ. ಆ ಮಗುವಿಗೆ ಮುಂದಿನ ಬೆಂಚು, ಚಿಕ್ಕ ಚಿಕ್ಕ ಪಾಠ, ನಡುವೆ ಎದ್ದು ಓಡಾಡುವ ಅವಕಾಶ ಕೊಡಲು ಶಾಲೆಗೆ ಯಾವ ಕಾಯ್ದೆಯೂ ಬೇಕಿಲ್ಲ.

ವಿದ್ಯಾರ್ಥಿಗಳಿಗೂ ಒಂದು ಮಾತು. ತರಗತಿಯಲ್ಲಿ ಹೀಗೆ ಬೇರೆಯಾಗಿ ಕಾಣುವ ಗೆಳೆಯನಿದ್ದರೆ ಅವನಿಗೆ ಅಡ್ಡಹೆಸರಿಡಬೇಡಿ, ಆಟಕ್ಕೆ ಕರೆಯಿರಿ. ಒಂದು ಸಲ ಕರೆದಾಗ ತಿರುಗದಿದ್ದರೆ ಎದುರಿಗೆ ಹೋಗಿ ಇನ್ನೊಮ್ಮೆ ಕರೆಯಿರಿ.