ಎಫ್ ಕೀ ಹೋದ್ರೆ ಅಕ್ಕ ಬರಲ್ಲ

ನಮ್ಮನೆ ಲ್ಯಾಪ್‌ಟಾಪಲ್ಲಿ ಎಫ್ ಕೀ ಕೆಟ್ಟು ಹದಿನೈದು ದಿನ ಆಯ್ತು. ಕಾಫಿ ಚೆಲ್ಲಿದ್ದು ನಾನೇ, ಯಾರನ್ನೂ ಬೈಯಂಗಿಲ್ಲ. ತಕ್ಷಣ ಆಫ್ ಮಾಡಿ ಬೋರಲು ಹಾಕೋದು ಬಿಟ್ಟು ಸೆರಗಲ್ಲಿ ಒರೆಸ್ತಾ ಕೂತಿದ್ದೆ.

"ಅದೊಂದು ಕೀ ತಾನೇ ಅಮ್ಮ" ಅಂದ ಮಗ. ಅವನ ಇಂಗ್ಲಿಷಿಗೆ ಸರಿ. ನಾನು ಬರೆಯೋದು ನುಡಿಯಲ್ಲಿ, ಅದರಲ್ಲಿರೋದು ಕೆ.ಪಿ. ರಾವ್ ಅವರ ಕೀಲಿಮಣೆ. ಒತ್ತಕ್ಷರ ಬರಬೇಕಂದ್ರೆ ಎರಡು ಅಕ್ಷರದ ನಡುವೆ ಎಫ್ ಒತ್ತಲೇಬೇಕು. ಅದಿಲ್ದಿದ್ರೆ ಅಕ್ಕ ಹೋಗಿ ‘ಅಕಕ’, ಉಪ್ಪು ಹೋಗಿ ‘ಉಪಪು’. ಚಿಂತಾಮಣಿ, ಗೌರಿಬಿದನೂರು ನೆಟ್ಟಗೆ ಬರ್ತವೆ, ನಮ್ಮೂರು ಮಾತ್ರ ‘ಚಿಕಕಬಳಳಾಪುರ’! ಶಿಡ್ಲಘಟ್ಟದ ನಮ್ಮತ್ತಿಗೆ ಅವರೂರಿನ ‘ಶಿಡಲಘಟಟ’ ಓದಿ ಬಿದ್ದುಬಿದ್ದು ನಕ್ಕರು.

ಮಗ ಹೊಸದು ತಗೊಳಣ ಅಂತ ತೆಳ್ಳಗಿರೋದು ತೋರಿಸ್ದ. ನೋಡೋಕೆ ಚೆಂದ. ಆದ್ರೆ ಅಂಥ ಎಷ್ಟೋ ಮಾಡೆಲ್‌ಗಳಲ್ಲಿ ಕೀಬೋರ್ಡನ್ನ ಮೇಲಿನ ಹೊದಿಕೆಗೇ ಸೇರಿಸಿ ಬಡಿದಿರ್ತಾರೆ, ಕೆಟ್ರೆ ಹೊದಿಕೆ ಸಮೇತ ಬದಲಾಯಿಸ್ಬೇಕು. ಹಳೇ ದಪ್ಪನೇವು ಸುಮಾರು ಮಾಡೆಲ್‌ಗಳಲ್ಲಿ ಸ್ಕ್ರೂ ಬಿಚ್ಚಿ ಬರೀ ಕೀಬೋರ್ಡ್ ಹಾಕ್ಬಹುದು. ಒಲೆ ಮೇಲೆ ಹಾಲಿಟ್ಟು ಬರೆಯೋ ನಮ್ಮಂಥೋರಿಗೆ ದಪ್ಪನೇದೇ ಸೈ.

ಸದ್ಯಕ್ಕೆ ಅದೂ ಬ್ಯಾಡ ಅಂದೆ. ಒಂದು ಕೀಗೋಸ್ಕರ ಸಾವಿರಾರು ರೂಪಾಯಿ ಯಾಕೆ ಸುರೀಬೇಕು? 600 ರೂಪಾಯಿಗೆ ವೈರ್ ಕೀಬೋರ್ಡ್ ತಂದು ಚುಚ್ಚಿದ್ದೀನಿ, ಇದನ್ನ ಕುಟ್ಟಿದ್ದು ಅದರಲ್ಲೇ. ನೀವು ಹೊಸದು ತಗೊಳೋರಾದ್ರೆ ದುಡ್ಡು ಕೊಡೋಕೆ ಮುಂಚೆ ಎಫ್, ಶಿಫ್ಟ್ ಎರಡೂ ನಾಲ್ಕು ಸಲ ಒತ್ತಿ ನೋಡ್ರಮ್ಮ. ದೀರ್ಘಕ್ಕೆ, ಮಹಾಪ್ರಾಣಕ್ಕೆ ಶಿಫ್ಟೇ ಬೇಕಲ್ಲ. ಅಂಗಡಿಯೋನು ನಕ್ರೆ ನಗ್ಲಿ.