ಮಂಗಳೂರು ಅಂದ್ರೆ ಬರೀ ಆಸ್ಪತ್ರೆನಾ?

1/5
ನಮ್ಮ ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆ 'ನಾಳೆ ಮಂಗಳೂರಿಗೆ ಹೋಗ್ತಿದೀವಿ' ಅಂದ್ರೆ ಮೊದಲ ಪ್ರಶ್ನೆ: 'ಅಯ್ಯೋ, ಯಾರಿಗೆ ಎಂತಾಯ್ತು?'

ನಮ್ಮನೇಲೂ ಹಂಗೇ. ಅಜ್ಜನ ಟ್ರೀಟ್‌ಮೆಂಟ್‌ಗೆ ಅಂತ ಅಮ್ಮ ಎರಡು ವರ್ಷದಲ್ಲಿ ಹದಿನಾಲ್ಕು ಸಲ ಹೋಗಿ ಬಂದಿದ್ದಾಳೆ. ರಿಪೋರ್ಟ್‌ಗೆ ನಾಲ್ಕು ಗಂಟೆ ಕಾಯೋ ದಿನವೂ ಆಸ್ಪತ್ರೆ ಗೇಟ್ ದಾಟಿದವಳಲ್ಲ. ಅಜ್ಜ ಹೋಗಿ ವರ್ಷವಾಯ್ತು. ಮೊನ್ನೆ 'ಮಂಗಳೂರು ಹೆಂಗಿದೆಯಮ್ಮ?' ಅಂತ ಕೇಳಿದೆ. 'ಕ್ಯಾಂಟೀನ್ ಚಾ ಚೆನ್ನಾಗಿತ್ತು' ಅಂದ್ಲು.

ಅವತ್ತೇ ಡಿಸೈಡ್ ಮಾಡಿದೆ. ಒಂದು ದಿನ, ಫೈಲ್ ಇಲ್ಲದೆ ಹೋಗದು.

2/5
ಬೆಳಗಿನ ಜಾವದ ಬಸ್ಸು. ಹುಲಿಕಲ್ ಘಾಟಿ ಇಳಿಯೋ ಮುಂಚೆ ನಗರದ ಕೋಟೆ ಸಿಗುತ್ತೆ. ನಾವು ಅದರ ಮುಂದೆ ರೀಲ್ಸ್ ಮಾಡ್ತೀವಿ, ಆದ್ರೆ ಒಂದು ವಿಷಯ ಮರೀತೀವಿ. ಇದೇ ಆಗಿನ ಬಿದನೂರು, ಕೆಳದಿ ಅರಸರ ರಾಜಧಾನಿ. ಮಂಗಳೂರು ಬಂದರು ಇವರ ಕೈಯಲ್ಲೇ ಇತ್ತು. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ ಮೇಲೆ ಮಂಗಳೂರೂ ಅವನ ಪಾಲಾಯ್ತು. ಅಂದ್ರೆ ಆ ಊರಿಗೂ ನಮಗೂ ಇರೋ ನಂಟು ಆಸ್ಪತ್ರೆಗಿಂತ ತುಂಬಾ ಹಳೇದು.

3/5
ಮಂಗಳೂರಂದ್ರೆ ಚಪ್ಪಟೆ ಬೀಚ್ ಊರು ಅಂದ್ಕೊಂಡಿದ್ದೆ. ಅಲ್ಲ, ಪೂರ್ತಿ ಏರು-ಇಳಿಜಾರು. ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಲೋಕೇಶ್ವರನ ಕಂಚಿನ ಮೂರ್ತಿ ಇದೆ, ಅದರ ಶಾಸನ ಕ್ರಿ.ಶ. 968ರದ್ದು. ಅಲ್ಲಿಂದ ಮೇಲೆ ಕೆರೆಗಳ ಕಡೆ ಹತ್ತುವಾಗ ಸುಸ್ತಾಗಿದ್ದು ನನಗೆ. ತೋಟದಲ್ಲಿ ಅಡಿಕೆ ಹೊರೆ ಹೊತ್ತ ಅಮ್ಮನಿಗೆ ಗುಡ್ಡ ಯಾವ ಲೆಕ್ಕ! 'ಎಂತ ಮಾರಾಯ, ಇಷ್ಟಕ್ಕೇ ಏದುಸಿರಾ?'

ಆಮೇಲೆ ಬಾವುಟಗುಡ್ಡೆ, ಸೇಂಟ್ ಅಲೋಶಿಯಸ್ ಚಾಪೆಲ್. ಇಟಲಿಯ ಆಂಟೋನಿಯೊ ಮೊಸ್ಕೇನಿ ಸುಮಾರು 120 ವರ್ಷದ ಹಿಂದೆ ಗೋಡೆ, ಚಾವಣಿ ತುಂಬಾ ಚಿತ್ರ ಬರೆದಿದ್ದಾರೆ. ಅಮ್ಮ ಕತ್ತೆತ್ತಿ ನೋಡ್ತಾ ಕೂತವಳು ಅರ್ಧ ಗಂಟೆ ಏಳಲೇ ಇಲ್ಲ.

4/5
ಬನ್ಸ್ ತಿಂದು ಹಳೇ ಬಂದರಿಗೆ. ಇಲ್ಲಿಂದ ಲಕ್ಷದ್ವೀಪಕ್ಕೆ ಇವತ್ತಿಗೂ ಸಾಮಾನು ಹೋಗುತ್ತೆ. ದೊಡ್ಡ ಹಡಗುಗಳದ್ದೆಲ್ಲ ಪಣಂಬೂರಿನ ಹೊಸ ಬಂದರು, 1974ರದ್ದು. ಹಳೇ ಗೋಡೌನಿನ ಮಾಡು ನೋಡಿ ಅಮ್ಮ, 'ನಮ್ಮನೆ ಹೆಂಚೇ ಅಲ್ದನಾ?' ಅಂದ್ಲು. ಹೌದು! ಬಾಸೆಲ್ ಮಿಷನ್‌ನವರು 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ರು, ನೇತ್ರಾವತಿ-ಗುರುಪುರ ನದಿ ಬದಿಯ ಜೇಡಿಮಣ್ಣಿಂದ. ಅಡಿಕೆ ರೇಟಿನ ಸುದ್ದೀಲಿ ದಿನಾ ಕೇಳೋ ಕ್ಯಾಂಪ್ಕೊ ಕೂಡ ಇದೇ ಊರಿಂದು, 1973ರಿಂದ. ನಾವು ಮಂಗಳೂರಿಗೆ ಹೊಸಬರಲ್ಲ ಮಾರಾಯ್ರೆ, ಅದರ ಮಾಡಿನ ಕೆಳಗೇ ಮಲಗೋರು!

ಕೊನೆಗೆ ಸುಲ್ತಾನ್ ಬತ್ತೇರಿಯಿಂದ ಬೋಟಲ್ಲಿ ನದಿ ದಾಟಿ ತಣ್ಣೀರುಬಾವಿ. ಸೂರ್ಯಾಸ್ತ ನೋಡೋಕಾಗಲಿಲ್ಲ, ವಾಪಸ್ ಬಸ್ ಹಿಡೀಬೇಕಿತ್ತು. ಅಮ್ಮ ಸೀರೆ ನೆರಿಗೆ ಎತ್ತಿ ನೀರಲ್ಲಿ ನಿಂತು ಮೆಲ್ಲಗೆ ಅಂದ್ಲು: 'ಅಪ್ಪಯ್ಯನ್ನ ಒಂದ್ಸಲ ಇಲ್ಲಿಗೆ ಕರ್ಕೊಂಡು ಬರಬೋದಿತ್ತು.'

ನನ್ನ ಹತ್ರ ಉತ್ತರ ಇರಲಿಲ್ಲ. ಹದಿನಾಲ್ಕು ಸಲದಲ್ಲಿ ಎರಡು ಸಲ ನಾನೂ ಜೊತೆಗಿದ್ದೆ. ಕಾರಿಡಾರಲ್ಲಿ ಕೂತು ಮೊಬೈಲ್ ನೋಡ್ತಿದ್ದೆ.

5/5
ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ಫ್ರೆಂಡ್ಸ್ ಜೊತೆ ಮಾಲ್, ಬೀಚ್ ಸುತ್ತೋದು ತಪ್ಪಲ್ಲ, ನಾನೂ ಸುತ್ತಿದೀನಿ. ಆದ್ರೆ ಮನೆಯವರಿಗೆ ಒಂದು ಊರು ಬರೀ ಕಾಯಿಲೆಯ ನೆನಪಾಗಿ ಉಳಿಯೋದು ಸರಿಯಲ್ಲ. 'ಅವ್ರಿಗೆಲ್ಲ ಇಂಟರೆಸ್ಟ್ ಇಲ್ಲ' ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೀವಿ. ಒಂದು ಸಲವೂ ಕೇಳಿಲ್ಲ.

ದುಡ್ಡಿನ ಮಾತಾ? ಬಿಕಾಂ ಓದೋನು, ಲೆಕ್ಕ ಇಟ್ಟಿದೀನಿ. ಬಸ್ಸು, ಬೋಟು, ಊಟ, ಎರಡು ಗಡ್‌ಬಡ್ ಐಸ್‌ಕ್ರೀಮ್ ಸೇರಿ ಇಬ್ಬರಿಗೆ ಎರಡು ಸಾವಿರದ ಒಳಗೆ. ಚೆಕಪ್‌ಗೆ ಹೋದ ದಿನವೇ ಆದ್ರೆ ಇನ್ನೂ ಸುಲಭ. ಪೇಷಂಟ್ ಜೊತೆ ಒಬ್ಬರು ಕೂತ್ಕೊಳ್ಳಿ, ಇನ್ನೊಬ್ಬರನ್ನ ಎರಡು ಗಂಟೆ ಹೊರಗೆ ಕಳಿಸಿ.

ನಿಮ್ಮನೇಲಿ ಫೈಲ್ ಹಿಡ್ಕೊಂಡು ಮಾತ್ರ ಮಂಗಳೂರಿಗೆ ಹೋಗಿ ಬಂದವರು ಯಾರು? ಕಮೆಂಟಲ್ಲಿ ಹಾಕಿ. ಆಮೇಲೆ ಅವರನ್ನೇ ಕೇಳಿ, ಯಾವ ಭಾನುವಾರ ಪುರುಸೊತ್ತು ಅಂತ.

#ಮಂಗಳೂರು #ಹೊಸನಗರ #ನಮ್ಮಮಲೆನಾಡು #ಅಮ್ಮನಜೊತೆಒಂದುದಿನ